ಸನ್ನೆಯ ಬಂದೂಕು

ಗೃಹಸ್ಥನು ಮನೆಗೆ ತರುವ ವಸ್ತುಗಳಲ್ಲಿ ಬಹುಪಾಲು ಆತನ ತಪ್ಪನ್ನು ಕ್ಷಮಿಸತಕ್ಕವು. ಕೊಂಡ ಎತ್ತು ಗಳೇವಿಗೆ ಬಾರದಿದ್ದರೆ ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಬಹುದು. ತಂದ ಅರಿವೆ ಬಣ್ಣ ಬಿಟ್ಟರೆ ದಿಂಬಿನ ಚೀಲವಾದೀತು. ಗಡಿಯಾರ ನಿಂತರೆ ಕಿವಿ ತಿರುವಬಹುದು. ಕ್ಷಮೆಯೆಂಬ ಗುಣವೇ ಇಲ್ಲದ ವಸ್ತುಗಳು ಕೆಲವು ಮಾತ್ರ ಇರುವವು. ಅವುಗಳ ಸಾಲಿನಲ್ಲಿ ಬಂದೂಕಿಗೆ ಅಗ್ರಪೂಜೆ ಸಲ್ಲತಕ್ಕದ್ದು. ಆದುದರಿಂದ ಅದನ್ನು ಆರಿಸುವಾಗ ಕೇಳತಕ್ಕ ಪ್ರಶ್ನೆಗಳೂ, ಆ ಪ್ರಶ್ನೆಗಳ ಕ್ರಮವೂ ಬೇರೆಯಾಗಿರಬೇಕೆಂದು ನಮ್ಮ ತಿಳುವಳಿಕೆ. ಅದನ್ನೇ ಇಲ್ಲಿ ವಾಚಕರ ಮುಂದಿಡುವೆವು.

ಮೂವತ್ತೈದು ವರ್ಷ ಮಕ್ಕಳಿಂದ ವಿಭಕ್ತಿ ಸಮಾಸಗಳನ್ನು ಬಾಯಿಪಾಠ ಮಾಡಿಸಿದ ಸಂಸ್ಕೃತ ಮಾಸ್ತರರಾದ ನಮಗೂ ಬಂದೂಕಿಗೂ ಏನು ಸಂಬಂಧವೆಂದು ಯಾರಾದರೂ ನಕ್ಕಾರು. ನಗಲಿ. ನಿವೃತ್ತನಾದ ಮಾಸ್ತರನ ಮನೆಯ ಕಟ್ಟೆಗೆ ಬರುವ ಪ್ರಶ್ನೆಗಳಿಗೆ ಪಠ್ಯಕ್ರಮವೆಂಬದು ಇರುವದಿಲ್ಲ. ಕಳೆದ ಒಂದೇ ವರ್ಷದೊಳಗೆ ಇಬ್ಬರು ನಮ್ಮನ್ನು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. ಒಬ್ಬನು ನಮ್ಮ ತಂಗಿಯ ಮಗ. ಅಮೇರಿಕೆಯಲ್ಲಿ ನೆಲೆಸಿ ಅಲ್ಲಿಯ ಪ್ರಜೆಯೇ ಆಗಿಬಿಟ್ಟವನು. “ಮಾಮಾ, ಇಲ್ಲೆ ಅಂಗಡ್ಯಾಗ ಲಿವರ್ ರೈಫಲ್ ಹತ್ತು ಥರದ್ದು ಇಟ್ಟಾರ. ಮೊದಲನೇದು ಅಂತ ತೊಗೊಳ್ಳೂದಾದರ ಯಾವದು ತೊಗೋಬೇಕು?” ಎಂದು ದೂರವಾಣಿಯಲ್ಲಿ ಕೇಳಿದನು. ಇನ್ನೊಬ್ಬನು ಇಲ್ಲಿಯೇ ನಮ್ಮ ಊರಾದ ಅಮ್ಮಿನಬಾವಿಯ ಒಕ್ಕಲಿಗ, ನಮ್ಮ ಹಳೆಯ ವಿದ್ಯಾರ್ಥಿ. ಆತನ ಅಜ್ಜನು ತೀರಿಕೊಂಡ ಮೇಲೆ ಅಜ್ಜನ ಲೈಸೆನ್ಸಿನ ಬಂದೂಕು ಪೋಲೀಸ ಠಾಣೆಗೆ ಹೋಗಿ ಕುಳಿತಿತ್ತು. ಆತನು ಕಟ್ಟೆಯ ಮೇಲೆ ಕುಳಿತು, “ಗುರುಗಳ, ಅಜ್ಜನ ಬಂದೂಕ ಠಾಣ್ಯಾದಾಗ ಐತ್ರಿ. ನನ್ನ ಹೆಸರಿಗೆ ಮಾಡಿಸಿಕೊಳ್ಳೂದೋ ಬಿಡೂದೋ ತಿಳೀವಲ್ದು. ಬಿಟ್ಟರ ಅಜ್ಜನ ಹೆಸರs ಬಿಟ್ಟಂಗ ಆಕ್ಕೈತಿ, ತಂದರ ಅವ್ವ ಊಟಾ ಬಿಡ್ತೀನಿ ಅಂತಾಳ್ರಿ” ಎಂದನು. ಆ ಬಂದೂಕು ಸಹ ಸನ್ನೆಯದೇ. ನಮ್ಮ ದೊಡ್ಡಪ್ಪನವರಲ್ಲಿ ಅದೇ ಜಾತಿಯದೊಂದು ಇದ್ದಿತೆಂಬದೂ, ಬಾಲ್ಯದಲ್ಲಿ ನಾವು ಅದಕ್ಕೆ ಎಣ್ಣೆಯರಿವೆ ಹಿಡಿದುಕೊಂಡು ನಿಲ್ಲುತ್ತಿದ್ದೆವೆಂಬದೂ ಇಬ್ಬರಿಗೂ ಗೊತ್ತಿತ್ತು.

ಸನ್ನೆಯ ಬಂದೂಕೆಂದರೇನೆಂಬದನ್ನು ಮೊದಲು ಹೇಳಬೇಕು. ಟ್ರಿಗರಿನ ಸುತ್ತ ಬೆರಳಿಗೆ ಕಾವಲಾಗಿ ಒಂದು ಕಬ್ಬಿಣದ ಬಳೆ ಇರುವದಷ್ಟೆ. ಈ ಜಾತಿಯಲ್ಲಿ ಆ ಬಳೆಯೇ ಹಿಂದಕ್ಕೆ ನೀಡಿಕೊಂಡು ಒಂದು ಸನ್ನೆಯಾಗಿರುತ್ತದೆ. ಅದನ್ನು ಕೆಳಕ್ಕೆ ಒತ್ತಿದರೆ ನಳಿಗೆಯ ಬಾಯನ್ನು ಮುಚ್ಚಿದ ಅಗುಳಿಯು ಹಿಂದೆ ಸರಿದು, ಹಾರಿಸಿ ಬರಿದಾದ ತೋಟಾದ ಹಿತ್ತಾಳೆಯನ್ನು ಹೊರಗೆಸೆಯುವದು. ಅದೇ ಚಲನೆಯಲ್ಲಿ ಹಿಂದಿರುವ ಬಡಿತದ ತುಂಡು, ಅಂದರೆ ನಮ್ಮವರು ಬಂದೂಕಿನ ‘ಕುದುರೆ’ ಎನ್ನುವದು, ಏರಿ ನಿಲ್ಲುವದು. ಸನ್ನೆಯನ್ನು ಮೇಲಕ್ಕೆ ತಂದರೆ ಭಂಡಾರದಿಂದ ಹೊಸ ತೋಟಾ ಎದ್ದು ನಳಿಗೆಯನ್ನು ಸೇರಿ ಅಗುಳಿ ಭದ್ರವಾಗುವದು. ಕೆಳಗೊಮ್ಮೆ, ಮೇಲೊಮ್ಮೆ, ಎರಡೇ ಚಲನೆ. ಬಂದೂಕನ್ನು ಹೆಗಲಿನಿಂದ ಇಳಿಸಬೇಕಾಗಿಲ್ಲ. ಹೆಚ್ಚಿನವುಗಳಲ್ಲಿ ತೋಟಾಗಳ ಭಂಡಾರವು ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿರುವ ಇನ್ನೊಂದು ಕೊಳವೆ.

ಈ ಯುಕ್ತಿಯು ಅಮೇರಿಕೆಯಲ್ಲಿ ಬೆಳೆದದ್ದು. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಎಂಬಾತನು ಹಕ್ಕು ಪಡೆದ ರೈಫಲು ಹದಿನಾರು ತೋಟಾ ತುಂಬಿಕೊಳ್ಳುತ್ತಿತ್ತು. ಒಂದೊಂದೇ ಗುಂಡನ್ನು ಮದ್ದಿನೊಡನೆ ಜಡಿದು ಹಾರಿಸುತ್ತಿದ್ದ ಕಾಲದಲ್ಲಿ ಅದು ಯಕ್ಷಿಣಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. 1866ರಲ್ಲಿ ವಿಂಚೆಸ್ಟರ್ ಕಂಪನಿಯು ಹುಟ್ಟಿತು. 1873ರ ಮಾದರಿಯು ಹೆಸರುವಾಸಿಯಾಯಿತು. ಅನಂತರ ಜಾನ್ ಬ್ರೌನಿಂಗ್ ಎಂಬ ಮಹಾಶಿಲ್ಪಿಯು 1892, 1894, 1895ರ ಮಾದರಿಗಳನ್ನು ರಚಿಸಿ ಕೊಟ್ಟನು. ಇವುಗಳಲ್ಲಿ 1894ರದು ಎಪ್ಪತ್ತು ಲಕ್ಷಕ್ಕೂ ಮೀರಿ ಮಾಡಲ್ಪಟ್ಟಿತೆಂದ ಮೇಲೆ ಅದರ ಪ್ರಚಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈನ್ಯಗಳು ಮಾತ್ರ ಸಾಮಾನ್ಯವಾಗಿ ಇದನ್ನು ಬಿಟ್ಟು, ಚಿಲಕದಂತೆ ಎಳೆದು ನೂಕುವ ಬೋಲ್ಟಿನ ರೈಫಲನ್ನು ಆಯ್ದುಕೊಂಡವು. ಅದಕ್ಕೊಂದು ಕಾರಣವು ಸರಳವಾದದ್ದು: ನೆಲಕ್ಕೆ ಬೋರಲಾಗಿ ಮಲಗಿ ಹಾರಿಸುವ ಸಿಪಾಯಿಗೆ ಸನ್ನೆಯನ್ನು ಕೆಳಗಿಳಿಸಲು ಎಡೆ ಸಾಲದು.

ಕನ್ನಡ ವಾಚಕರಿಗೆ ಈ ಬಂದೂಕು ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ ಎಂಬ ಬೇಟೆಗಾರ-ಲೇಖಕರ ಕೈಯಲ್ಲಿದ್ದದ್ದು .405 ಅಳತೆಯ, 1895ರ ಮಾದರಿಯ ವಿಂಚೆಸ್ಟರು. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಹೆಸರಿನಿಂದ ಆಂಡರ್ಸನ್ನರ ಅನುಭವಗಳನ್ನು ಕನ್ನಡಕ್ಕೆ ತಂದ ಮೇಲೆ, ನರಭಕ್ಷಕಗಳ ಕಥೆಯನ್ನು ಓದದ ಸಾಲೆಯ ಹುಡುಗರೇ ಇಲ್ಲವೆನ್ನುವಂತಾಯಿತು. ಅಮೇರಿಕೆಯ ಅಧ್ಯಕ್ಷ ಪದವಿಯನ್ನು ಬಿಟ್ಟ ಥಿಯೋಡೋರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕೆಗೆ ಬೇಟೆಗೆ ಹೋದಾಗ ಇದೇ ಅಳತೆಯ ಇದೇ ಮಾದರಿಯನ್ನು ಒಯ್ದಿದ್ದರು. ನಮ್ಮ ವಿದ್ಯಾರ್ಥಿಯ ತಲೆಯಲ್ಲಿಯೂ ಅಜ್ಜನ ನೆನಪಿನ ಸಂಗಡ ಆ ಕಥೆಗಳ ನೆರಳು ಇದ್ದಿತೆಂಬದು ನಮಗೆ ತಿಳಿಯದೆ ಹೋಗಲಿಲ್ಲ; ಅವುಗಳನ್ನು ಆತನಿಗೆ ಓದಲು ಕೊಟ್ಟವರು ನಾವೇ.

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ನಿಂತವನು ಮೊದಲು ಕೇಳುವದು ತೋಟಾದ ಅಳತೆಯನ್ನು. .44-40 ಎಂದರೆ ಅಂಗುಲದ ನೂರು ಪಾಲಿನಲ್ಲಿ ಸುಮಾರು ನಲವತ್ತನಾಲ್ಕು ಪಾಲು ದಪ್ಪದ ಗುಂಡು, ಅದರ ಹಿಂದೆ ನಲವತ್ತು ಗ್ರೇನು ಕರಿಮದ್ದು. 1873ರ ಮಾದರಿಯ ಸಂಗಡ ಬಂದ ಇದು ಹತ್ತಿರದ ಗುರಿಗೆ ಸಾಕಾದದ್ದು. .30-30 ಎಂಬದು ಹೊಗೆಯಿಲ್ಲದ ಮದ್ದಿನದು. ನೂರೈವತ್ತು ಇನ್ನೂರು ಗಜಗಳವರೆಗೆ ಜಿಂಕೆಯ ಜಾತಿಗೆ ತಕ್ಕದ್ದೆಂದು ಅಮೇರಿಕೆಯ ಬೇಟೆಗಾರರು ನೂರು ವರ್ಷಗಳಿಗೂ ಮೇಲೆ ಅದನ್ನೇ ನಂಬಿರುವರು. .405 ಎಂಬದು ಹೆಗಲನ್ನು ಬಲವಾಗಿ ಗುದ್ದುವಂಥದು. ಹೊಸಬನ ಕೈಗೆ ಸಲ್ಲದು. ಎಲ್ಲಕ್ಕೂ ಕಿರಿದಾದದ್ದು .22, ಸದ್ದು ಕಡಿಮೆ, ಗುದ್ದು ಇಲ್ಲವೆನ್ನುವಷ್ಟು, ತೋಟಾದ ಬೆಲೆಯೂ ಸ್ವಲ್ಪ. ಹೆದರಿದವನು ಟ್ರಿಗರು ಎಳೆಯುವ ಮೊದಲೇ ಕಣ್ಣು ಮುಚ್ಚುವನು. ಹೆದರಿಸದ ಬಂದೂಕಿನಿಂದಲೇ ಕಣ್ಣು ತೆರೆದು ಗುರಿಯಿಡುವದನ್ನು ಕಲಿಯಬೇಕು. ಆದಕಾರಣ ಕಲಿಯುವವನಿಗೆ .22 ಮೊದಲನೆಯದಾಗಬೇಕೆಂಬದರಲ್ಲಿ ಬಲ್ಲವರ ಮತಭೇದ ಕಡಿಮೆ. ಕಿರಿದೆಂದು ಅದನ್ನೂ ಹಗುರಾಗಿ ಕಾಣಬಾರದು. ಅದರ ಗುಂಡು ಸಹ ಒಂದು ಮೈಲಿಗೂ ಮೀರಿ ಹೋಗಿ ಮನುಷ್ಯನನ್ನು ಕೊಲ್ಲಬಲ್ಲದು.

ಎರಡನೆಯದು ಭಂಡಾರದ ವಿಚಾರ. ಕೊಳವೆಯೊಳಗೆ ತೋಟಾಗಳು ಒಂದರ ಹಿಂದೊಂದು ಮಲಗಿರುವದರಿಂದ, ಹಿಂದಿನ ತೋಟಾದ ಗುಂಡಿನ ಮೂತಿಯು ಮುಂದಿನ ತೋಟಾದ ತಳಕ್ಕೆ ತಾಗಿರುತ್ತದೆ. ಆ ತಳದ ನಡುವೆಯೇ ಬಡಿದರೆ ಸಿಡಿಯುವ ಕೇಪು ಇರುವದು. ಗುಂಡಿನ ಮೂತಿಯು ಚೂಪಾಗಿದ್ದರೆ ಬಂದೂಕು ಒದೆದಾಗ ಅದೇ ಸೂಜಿಯಾಗಿ ಮುಂದಿನದನ್ನು ಭಂಡಾರದಲ್ಲಿಯೇ ಸಿಡಿಸೀತು. ಅದಕ್ಕಾಗಿ ಇಂಥ ಬಂದೂಕುಗಳಿಗೆ ಮೂತಿ ಚಪ್ಪಟೆಯಾದ ಗುಂಡನ್ನೇ ಹಾಕುವರು. ಈಚೆಗೆ ಮೆತ್ತಗಿನ ತುದಿಯುಳ್ಳ ಗುಂಡುಗಳು ಬಂದಿವೆ. 1895ರ ಮಾದರಿಯಲ್ಲಿ ಕೊಳವೆಗೆ ಬದಲಾಗಿ ಪೆಟ್ಟಿಗೆಯಂಥ ಭಂಡಾರವಿದ್ದು ತೋಟಾಗಳು ಒಂದರ ಮೇಲೊಂದು ಕುಳಿತುಕೊಳ್ಳುವದರಿಂದ ಅದಕ್ಕೆ ಈ ಕಟ್ಟಳೆಯಿಲ್ಲ.

ಮೂರನೆಯದೇ ನಮ್ಮ ಮತದಲ್ಲಿ ಮೊದಲನೆಯದಾಗಬೇಕಾದದ್ದು. ಆದರೆ ಅಂಗಡಿಯಲ್ಲಿ ಅದನ್ನು ಕೇಳುವವರು ವಿರಳ. ತುಂಬಿದ ಈ ಬಂದೂಕನ್ನು ಬರಿದು ಮಾಡುವದು ಹೇಗೆ? ಹಳೆಯ ವಿಂಚೆಸ್ಟರುಗಳಲ್ಲಿ ತೋಟಾಗಳನ್ನು ಬದಿಯ ಕಿಂಡಿಯಿಂದ ಒಳಗೆ ನೂಕುವದು ಬಲು ಸುಲಭ. ಹೊರಗೆ ತೆಗೆಯಬೇಕಾದರೆ ಮಾತ್ರ ಸನ್ನೆಯನ್ನು ಮತ್ತೆ ಮತ್ತೆ ಆಡಿಸಿ, ಜೀವಂತ ತೋಟಾಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ ಎಸೆಯಬೇಕು. ಪ್ರತಿಯೊಂದು ಸಲವೂ ಕುದುರೆ ಏರಿಯೇ ನಿಲ್ಲುವದು. ಹಾರಿಸದೆ ಕುದುರೆಯನ್ನು ಇಳಿಸಬೇಕಾದರೆ ಅದನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಟ್ರಿಗರು ಎಳೆದು, ಮೆಲ್ಲಗೆ ಅರ್ಧದ ಹಲ್ಲಿಗೆ ತಂದು ನಿಲ್ಲಿಸಬೇಕು. ಬೆವರಿದ ಬೆರಳು, ಚಳಿಗೆ ಮರಗಟ್ಟಿದ ಬೆರಳು ಜಾರಿತೆಂದರೆ ತೀರಿತು. ಆ ಹಳೆಯ ಮಾದರಿಗಳಿಗೆ ಅರ್ಧದ ಹಲ್ಲನ್ನು ಬಿಟ್ಟರೆ ಕೈಯಿಂದ ಹಾಕುವ ಬೇರೊಂದು ಕಾವಲಿಲ್ಲ. ಅದಕ್ಕೆ ಪ್ರತಿಯಾಗಿ, .22ರ ಅನೇಕ ಸನ್ನೆಬಂದೂಕುಗಳಲ್ಲಿ ಭಂಡಾರದ ಒಳಗೊಳವೆಯನ್ನು ಹೊರಗೆಳೆದು ತೋಟಾಗಳನ್ನು ಕಾಳು ಸುರಿದಂತೆ ಅಂಗೈಗೆ ಸುರಿದುಕೊಳ್ಳಬಹುದು. ಕೆಲವು ಹೊಸ ಮಾದರಿಗಳಲ್ಲಿ ಪೆಟ್ಟಿಗೆಯೇ ಕಳಚಿ ಬರುವದು. ಇವೆರಡರಲ್ಲಿಯೂ ನಳಿಗೆಯಲ್ಲಿ ಕುಳಿತದ್ದೊಂದನ್ನು ಬೇರೆಯಾಗಿ ತೆಗೆಯಬೇಕು.

ಈ ವಿಚಾರಕ್ಕೆ ನಾವು ಇಷ್ಟು ತೂಕ ಕೊಡುವದಕ್ಕೆ ಕಾರಣವಿದೆ. ನಮಗೆ ಹನ್ನೊಂದು ಹನ್ನೆರಡು ವರ್ಷವಿದ್ದಾಗ ನೆರೆಯೂರಿನ ನಮ್ಮ ಬಳಗದವರೊಬ್ಬರು ಕಾರ ಹುಣ್ಣಿವೆಯ ಮರುದಿನ ತಮ್ಮ ಬಂದೂಕನ್ನು ಒರಸಲು ಕುಳಿತರು. ಸುತ್ತಲೂ ಹುಡುಗರು, ನಾವೂ ಒಬ್ಬರು. ಅವರು ಸನ್ನೆಯಾಡಿಸಿ ತೋಟಾಗಳನ್ನು ಹೊರಗೆ ಹಾಕಿದರು. ಹುಡುಗರು ಆಯ್ದು ಕಂಬಳಿಯ ಮೇಲೆ ಇಟ್ಟರು. ಆರು ಆದವು. ಹಿಂದಿನ ರಾತ್ರಿ ಅವರು ತುಂಬಿದ್ದು ಏಳು. ನಡುವೆ ಯಾರೋ ಬಂದು ಮಾತಾಡಿಸಿದರು, ಎಣಿಕೆ ತಪ್ಪಿತು, ಸನ್ನೆ ಮೇಲಕ್ಕೆ ಬಂದಿತು. ‘ಬರಿದಾಯಿತು’ ಎಂದು ಕುದುರೆಯನ್ನು ಬಿಟ್ಟರು. ಗುಂಡು ಗೋದಲಿಯ ಹಲಗೆಯನ್ನು ಸೀಳಿಕೊಂಡು ಹೋಗಿ ಅದರಾಚೆ ಮೇಯುತ್ತಿದ್ದ, ಹಿಂದಿನ ದಿನವಷ್ಟೇ ಕೋಡಿಗೆ ಬಣ್ಣ ಹಚ್ಚಿಸಿಕೊಂಡು ಮೆರೆದ ಎತ್ತಿನ ಮುಂಗಾಲಿಗೆ ತಾಗಿತು. ಹಲಗೆಯ ಈಚೆಗೆ ಎರಡು ಗೇಣು ದೂರದಲ್ಲಿ ಅವರ ಕಿರಿಯ ಮಗಳು ಕುಳಿತಿದ್ದಳು. ಎತ್ತು ಉಳಿಯಲಿಲ್ಲ. ಆ ಹಿರಿಯರು ಮುಂದೆ ಆ ಬಂದೂಕನ್ನು ಮುಟ್ಟಲಿಲ್ಲ. ಬಹುದಿನ ಮಗಳ ಮುಖವನ್ನು ಸಹ ನೆಟ್ಟಗೆ ನೋಡಲಿಲ್ಲ. ನಾವು ಅಂದು ಕಲಿತ ಗಣಿತ ಇಷ್ಟು: ತೆಗೆದದ್ದನ್ನು ಎಣಿಸಿದರೆ ಸಾಲದು, ಬರಿದಾದ ನಳಿಗೆಯನ್ನು ಕಣ್ಣಿನಿಂದ ನೋಡಬೇಕು, ಕಿರುಬೆರಳಿನಿಂದ ಮುಟ್ಟಬೇಕು.

ನಾವು ಓದಿದ ಶಾಸ್ತ್ರದಲ್ಲಿಯೂ ಈ ಮಾತಿಗೆ ಆಧಾರವಿದೆ. ಅಸ್ತ್ರವಿದ್ಯೆಯಲ್ಲಿ ಪ್ರಯೋಗ ಮತ್ತು ಉಪಸಂಹಾರ ಎಂಬ ಎರಡು ಅಂಗಗಳು. ಬಿಡುವದೊಂದು, ಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವದೊಂದು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಶಿರೋಸ್ತ್ರವನ್ನು ಎದುರುಬದುರಾಗಿ ಬಿಟ್ಟಾಗ ವ್ಯಾಸನಾರದರು ನಡುವೆ ಬಂದು ಇಬ್ಬರಿಗೂ ಹಿಂದೆಗೆದುಕೊಳ್ಳಿರೆಂದರು. ಅರ್ಜುನನು ಹಿಂದೆಗೆದುಕೊಂಡನು. ಅಶ್ವತ್ಥಾಮನಿಂದ ಆಗಲಿಲ್ಲ, ಅದು ಉತ್ತರೆಯ ಗರ್ಭದ ಮೇಲೆ ಹೋಗಿ ಬಿದ್ದಿತು. ಇಲ್ಲಿ ಗೃಹಸ್ಥರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಮಗನ ಚಪಲ ಸ್ವಭಾವವನ್ನು ಬಲ್ಲ ದ್ರೋಣನು ಆ ಅಸ್ತ್ರವನ್ನು ಮಗನಿಗೆ ಸಂತೋಷದಿಂದ ಕೊಟ್ಟವನಲ್ಲ. ಮಗನು ಹಟ ಹಿಡಿದುದರಿಂದ ಕೊಟ್ಟನು. ತಿಳಿದವನಾದ ತಂದೆಯು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ಕೊಡುಗೆಯು ಇನ್ನೊಬ್ಬರ ಹುಟ್ಟದ ಕೂಸಿಗೆ ಮುಟ್ಟಿತು. ಬಂದೂಕಿನಿಂದ ಹಾರಿದ ಗುಂಡಿಗೆ ಯಾವ ಮಂತ್ರದಿಂದಲೂ ಉಪಸಂಹಾರವಿಲ್ಲ. ನಮ್ಮ ಕೈಯಲ್ಲಿರುವ ಉಪಸಂಹಾರವೆಂದರೆ ಹಾರುವ ಮೊದಲಿನದು: ಬರಿದು ಮಾಡುವದು, ಇಳಿಸುವದು, ಬೀಗ ಹಾಕುವದು. ಆದುದರಿಂದ ಯಾವ ಬಂದೂಕನ್ನು ಸುಲಭವಾಗಿ, ನಿಶ್ಚಯವಾಗಿ ಬರಿದು ಮಾಡಬಹುದೋ ಅದೇ ಮೊದಲ ಬಂದೂಕಾಗಲು ಯೋಗ್ಯವಾದದ್ದು.

ಇದು ಉಪಕರಣದ ಮಾತಾಯಿತು. ಉಪಕರಣಕ್ಕಿಂತ ಮೊದಲು ಪ್ರಯೋಜನವನ್ನು ವಿಚಾರಿಸಬೇಕೆಂಬದು ಶಾಸ್ತ್ರಕಾರರ ಪದ್ಧತಿ. ನಮ್ಮ ವಿದ್ಯಾರ್ಥಿಯನ್ನು ನಾವು ಕೇಳಿದ ಮೊದಲ ಪ್ರಶ್ನೆಯೂ ಅದೇ: “ತಮ್ಮಾ, ಅದು ಬಂದು ಮಾಡೂ ಕೆಲಸಾ ಏನು?” ಆತನು ಬೆಳೆಯ ರಕ್ಷಣೆಯೆಂದನು. ಪಡುವಣಕ್ಕೆ ಕಲಘಟಗಿ, ಅಳ್ನಾವರಗಳ ಕಾಡಂಚಿನ ಒಕ್ಕಲಿಗರಿಗೆ ಹಂದಿಯ ಕಾಟವು ಸುಳ್ಳಲ್ಲ. ಅವರ ಕಷ್ಟವನ್ನು ಊರ ನಡುವೆ ಕುಳಿತವರು ಹಗುರಾಗಿ ಮಾತಾಡಬಾರದು. ಆದರೆ ಬೆಳೆಯ ಸಲುವಾಗಿ ದೊರೆತ ಬಂದೂಕಿನ ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಹಂದಿಯೂ ರಕ್ಷಿತ ಪ್ರಾಣಿ. 2022ರ ತಿದ್ದುಪಡಿಯಲ್ಲಿ ಅದು ಎರಡನೆಯ ಅನುಸೂಚಿಯಲ್ಲಿದೆ. ಅಧಿಕಾರವುಳ್ಳ ಅರಣ್ಯಾಧಿಕಾರಿಯ ಅಪ್ಪಣೆಯಿಲ್ಲದೆ ಅದನ್ನು ಹೊಡೆಯುವಂತಿಲ್ಲ. ಕೃಷ್ಣಮೃಗದ ಮಾತನ್ನಂತೂ ಆಡಲೇಬಾರದು. ಹಾಗಾದರೆ ಉಳಿಯುವದು ಸದ್ದು ಮಾಡಿ ಓಡಿಸುವದಷ್ಟೆ. ಅದಕ್ಕೆ ರೈಫಲಿನ ಗುಂಡು ಏಕೆ?

ಇದಲ್ಲದೆ ನಮ್ಮ ಅಮ್ಮಿನಬಾವಿಯ ಸೀಮೆಯು ಎರೆಭೂಮಿ; ಅಂಗೈಯಂತೆ ಸಪಾಟಾದದ್ದು. ಹತ್ತಿ, ಜೋಳ, ಕಡಲೆ, ಗೋದಿಯ ಹೊಲಗಳು ಕಣ್ಣು ಹಾಯುವವರೆಗೆ ಹಬ್ಬಿರುವವು. ಹಾರಿದ ಗುಂಡನ್ನು ತಡೆಯಲು ಗುಡ್ಡವಿಲ್ಲ, ದಿಬ್ಬವಿಲ್ಲ. ರೈಫಲಿನ ನಳಿಗೆಯ ಒಳಗೆ ಕೊರೆದ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುವದರಿಂದ, ಗುರಿ ತಪ್ಪಿದ್ದು ಮೈಲಿಯಾಚೆ ಹೋಗಿ ಯಾರ ಹೊಲದಲ್ಲಿ ಬೀಳುವದೋ ಹೇಳಬರುವದಿಲ್ಲ. ಅಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಇರುವರು. ರಾತ್ರಿ ನೀರು ಹಾಯಿಸುವ ಹುಡುಗನು ಇರುವನು. ಹನ್ನೆರಡು ಬೋರಿನ ಜೋಡುನಳಿಗೆಯ ಸಣ್ಣ ಚರೆಯಾದರೆ ಇನ್ನೂರು ಮುನ್ನೂರು ಗಜಗಳೊಳಗೆ ಬಿದ್ದುಹೋಗುವದು. ಅದನ್ನು ನಡುವೆ ಮುರಿದೊಡನೆ ಎರಡೂ ನಳಿಗೆಗಳು ತೆರೆದುಕೊಂಡು ತುಂಬಿದೆಯೋ ಬರಿದೋ ಎಂಬದು ಹುಡುಗನಿಗೂ ಕಾಣುವದು. ಬಯಲುಸೀಮೆಯ ಒಕ್ಕಲಿಗನಿಗೆ ಬಂದೂಕು ಬೇಕೇಬೇಕೆಂದಾದರೆ ಅದೇ ಲೇಸೆಂದು ನಾವು ಹೇಳುವೆವು. ರೈಫಲೇ ಬೇಕೆಂಬವನಿಗೆ ನಮ್ಮ ದೇಶದಲ್ಲಿ ಹೊಸದಾಗಿ ದೊರೆಯುವದು ಬಹುಮಟ್ಟಿಗೆ ಈಶಾಪುರದ ಸರಕಾರಿ ಕಾರಖಾನೆಯ .315ರಂಥ ಬೋಲ್ಟಿನ ರೈಫಲು. ಪರದೇಶದ ಬಂದೂಕುಗಳ ಆಮದು ಸಾಮಾನ್ಯರಿಗೆ ದಶಕಗಳಿಂದ ನಿಂತಿರುವದರಿಂದ, ಸನ್ನೆಯ ಬಂದೂಕು ಇಲ್ಲಿ ದೊರೆಯುವದಾದರೆ ಅಜ್ಜನ ಆಸ್ತಿಯಾಗಿಯೋ ಹಳೆಯದರ ಮಾರಾಟದಲ್ಲಿಯೋ ದೊರೆಯತಕ್ಕದ್ದು. ಬಂದೂಕು ದೊರೆತರೂ .44-40ರಂಥ ಹಳೆಯ ಅಳತೆಯ ತೋಟಾ ದೊರೆಯುವದು ದುರ್ಲಭ. ತೋಟಾ ಸಿಗದ ಬಂದೂಕಿನಿಂದ ಅಭ್ಯಾಸವಾಗದು. ಅಭ್ಯಾಸವಿಲ್ಲದವನ ಕೈಯ ಬಂದೂಕು ಎಲ್ಲಕ್ಕೂ ಅಪಾಯಕರವಾದದ್ದು.

ಕಾಯಿದೆಯ ಮಾತು ಬಂದರೆ ನಮ್ಮ ಸೀಮೆಯವರ ಎದೆಯಲ್ಲಿ ಹಳೆಯ ನೋವೊಂದು ಮಿಸುಕುವದು. 1857ರಲ್ಲಿ ಇಂಗ್ಲಿಷ್ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ ತಿಂಗಳಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ನಮ್ಮ ಕಡೆಯವರು ಮರೆತಿಲ್ಲ. 1878ರ ಕಾಯಿದೆಯು ನಮ್ಮವರಿಗೆ ಲೈಸೆನ್ಸನ್ನು ವಿಧಿಸಿ ಯುರೋಪಿಯನ್ನರನ್ನು ಹೊರತುಪಡಿಸಿತ್ತೆಂಬದೂ ನಿಜ. ಆದುದರಿಂದ ಅಜ್ಜನ ಬಂದೂಕನ್ನು ಠಾಣೆಯಲ್ಲಿ ಬಿಟ್ಟುಬಂದ ಮೊಮ್ಮಗನಿಗೆ ಏನೋ ಕಳೆದುಕೊಂಡಂತೆ ಆಗುವದು ಅಸಹಜವಲ್ಲ. ಕೊಡವರಿಗಂತೂ ಕೋವಿಯು ಕುಟುಂಬದ ಅಂಗವೇ ಆಗಿದೆ. ಸಪ್ಟೆಂಬರದ ಕೈಲ್ ಮುಹೂರ್ತದಲ್ಲಿ ಅದಕ್ಕೆ ಪೂಜೆ ಸಲ್ಲುವದು. ಅವರಿಗೂ ಅಲ್ಲಿಯ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನು ಹತ್ತು ವರ್ಷ, ಅಂದರೆ 2029ರವರೆಗೆ, ಮುಂದುವರಿಸಿದೆ. ಅದು ಅವರ ನಾಡಿನ ಸಂಪ್ರದಾಯಕ್ಕೆ ಸಂದ ಮನ್ನಣೆ. ಉಳಿದವರು ಅದನ್ನು ತಮಗೂ ಅನ್ವಯಿಸಿಕೊಳ್ಳಬಾರದು.

ಆಯುಧಕ್ಕೆ ಅಪ್ಪಣೆಯ ಕಟ್ಟಳೆಯು ಪರಕೀಯರೇ ತಂದದ್ದೆಂದು ಯಾರೂ ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಮುದ್ರೆಯ ಅಪ್ಪಣೆಯಿದ್ದವರ ಹೊರತು ಉಳಿದವರು ಶಸ್ತ್ರವಿಲ್ಲದೆ ಸಂಚರಿಸಬೇಕೆಂಬ ವಿಧಿಯಿದೆ. ಆಯುಧಾಗಾರದ ಅಧ್ಯಕ್ಷನು ಆಯುಧಗಳ ಸ್ಥಳವನ್ನು ಬದಲಿಸುತ್ತ, ಬಿಸಿಲುಗಾಳಿಗೆ ಒಡ್ಡುತ್ತ ಕಾಯಬೇಕೆಂಬದೂ ಅಲ್ಲಿದೆ. ಮಳೆಗಾಲದಲ್ಲಿ ಬಂದೂಕನ್ನು ಚರ್ಮದ ಚೀಲದಲ್ಲಿಯೇ ತಿಂಗಳುಗಟ್ಟಲೆ ಇಟ್ಟು ತುಕ್ಕು ಹಿಡಿಸುವವರು ಅದನ್ನು ಲಕ್ಷ್ಯದಲ್ಲಿಡಬೇಕು. ಈಗ ನಡೆಯುತ್ತಿರುವದು 1959ರ ಆಯುಧ ಕಾಯಿದೆ ಮತ್ತು 2016ರ ನಿಯಮಗಳು. ಇಪ್ಪತ್ತೊಂದು ವರ್ಷ ತುಂಬದವನಿಗೆ ಸಾಮಾನ್ಯವಾಗಿ ಲೈಸೆನ್ಸಿಲ್ಲ. ಲೈಸೆನ್ಸುದಾರನು ತೀರಿಕೊಂಡರೆ ಮನೆ ಮಂದಿ ಬಂದೂಕನ್ನು ಠಾಣೆಯಲ್ಲಿಯಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯಾಗಲಿ ಇಡಬೇಕು. ವಾರಸುದಾರನು ತನ್ನ ಹೆಸರಿಗೆ ಬೇರೆಯಾಗಿ ಅರ್ಜಿ ಮಾಡಬೇಕು. ಹಿರಿಯನು ಬದುಕಿರುವಾಗಲೇ, ಆತನಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಆ ಬಂದೂಕು ಇಪ್ಪತ್ತೈದು ವರ್ಷ ಆತನಲ್ಲಿ ಉಳಿದಾಗ, ಯಾವದು ಮೊದಲೋ ಅಂದು, ವಾರಸಿಗೆ ವರ್ಗ ಮಾಡಿಸಲು ಸಹ ಅವಕಾಶವಿದೆ. 2019ರ ತಿದ್ದುಪಡಿಯ ಮೇಲೆ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಿತ್ರಾರ್ಜಿತವೂ ಆ ಲೆಕ್ಕದಲ್ಲಿಯೇ ಬರುವದು. ಲೈಸೆನ್ಸಿನ ಅವಧಿಯು ಐದು ವರ್ಷ. ಮದುವೆ ಮೆರವಣಿಗೆಗಳಲ್ಲಿ ಅನ್ಯರ ಜೀವಕ್ಕೆ ಅಪಾಯವಾಗುವಂತೆ ಹಾರಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇರುವವು.

ಕಾಯಿದೆಯು ಹೊಸ್ತಿಲವರೆಗೆ ಬಂದು ನಿಲ್ಲುವದು. ಅದರ ಒಳಗಿನದನ್ನು ಗೃಹಸ್ಥನೇ ವಿಚಾರಿಸಬೇಕು. ನಾವು ವಿದ್ಯಾರ್ಥಿಯ ಮನೆಗೆ ಹೋಗಿ ಆತನ ತಾಯಿಯೊಡನೆ ಮಾತಾಡಿದೆವು. ಆಕೆ ಓದಿದವಳಲ್ಲ. “ಮಾಸ್ತರ್ರ, ಮಳಿ ಬಂದ ವರ್ಷ ಇದ್ದ ಮನಸ್ಸ ಮಳಿ ಹೋದ ವರ್ಷ ಇರೂದಿಲ್ಲರಿ. ಸಾಲದವ ಬಾಗಲಕ್ಕ ಬಂದು ನಿಂತಾಗ ಆ ವಸ್ತು ಗ್ವಾಡೀ ಮ್ಯಾಲ ಇರಬಾರದು” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಮಗನ ಮೇಲೆ ಅವಳಿಗೆ ಅವಿಶ್ವಾಸವಿರಲಿಲ್ಲ, ಒಕ್ಕಲುತನದ ಮೇಲಿತ್ತು. ಬಂದೂಕಿರುವ ಮನೆಗಳಲ್ಲಿ ಆತ್ಮಘಾತದ ಸಾವುಗಳು ಹೆಚ್ಚೆಂದು ಅನ್ಯ ದೇಶಗಳ ವೈದ್ಯರು ಲೆಕ್ಕಹಾಕಿ ಕಂಡುಕೊಂಡದ್ದನ್ನೇ ಆಕೆ ತನ್ನ ಮಾತಿನಲ್ಲಿ ಹೇಳಿದ್ದಳು. ದುಃಖದ ಗಳಿಗೆಯು ಬರುವದು, ಹೋಗುವದು. ಅದು ಬಂದಾಗ ಕೈಗೆ ಏನು ಸಿಗುವದೆಂಬದರ ಮೇಲೆ ಮುಂದಿನದೆಲ್ಲ ನಿಂತಿರುವದು. ಮನೆಯಲ್ಲಿ ಆತನ ಹದಿನಾಲ್ಕು ವರ್ಷದ ಮಗನೂ ಇದ್ದನು. ಬಂದೂಕಿನ ಹೆಸರೆತ್ತಿದೊಡನೆ ಪುಸ್ತಕ ಮುಚ್ಚಿ ನಮ್ಮ ಬಾಯನ್ನೇ ನೋಡುತ್ತಿದ್ದನು.

ನಮ್ಮ ವಿದ್ಯಾರ್ಥಿಯು ನಾಲ್ಕು ದಿನ ವಿಚಾರ ಮಾಡಿದನು. ನಾವು ಬೇಡವೆಂದು ಹೇಳಲಿಲ್ಲ. ತೋಟಾದ ಮಾತು, ಎರೆಹೊಲದ ಮಾತು, ಬರಿದು ಮಾಡುವ ಮಾತುಗಳನ್ನು ಹೇಳಿದೆವು. ಕಡೆಗೆ ಆತನು ಅಜ್ಜನ ಬಂದೂಕನ್ನು ಕಾಯಿದೆಯ ಪ್ರಕಾರ ಲೈಸೆನ್ಸುಳ್ಳ ವ್ಯಾಪಾರಿಗೆ ಮಾರಲು ಬರೆದುಕೊಟ್ಟನು. ಅಜ್ಜನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ತೋಟಾಗಳನ್ನು ಸಿಕ್ಕಿಸುವ ತೊಗಲಿನ ಪಟ್ಟಿಯೊಂದನ್ನು ಮನೆಯಲ್ಲಿ ಉಳಿಸಿಕೊಂಡನು. ಈ ಸಲದ ಮಹಾನವಮಿಯ ಖಂಡೇಪೂಜೆಗೆ ಕುಡಗೋಲು, ಕೂರಿಗೆ, ಕುಂಟೆಗಳ ಸಂಗಡ ಆ ಪಟ್ಟಿಯನ್ನೂ ಇಟ್ಟಿದ್ದನು. ಅವನ ತಾಯಿಯೇ ಅದಕ್ಕೆ ಕುಂಕುಮ ಹಚ್ಚಿದಳೆಂದು ಕೇಳಿದೆವು.

ಅಮೇರಿಕೆಯ ಅಳಿಯನಿಗೆ ನಾವು ಕೊಟ್ಟ ಉತ್ತರವು ಬೇರೆಯಾಯಿತು, ದೇಶಕಾಲಗಳು ಬೇರೆಯಷ್ಟೆ. ಆತನಿರುವಲ್ಲಿ ಮಣ್ಣಿನ ದಿಬ್ಬದ ಮುಂದೆ ಗುರಿಯಿಡುವ ಮೈದಾನವಿದೆ, ಕಲಿಸುವವರಿದ್ದಾರೆ, ತೋಟಾ ಸಿಗುವದು. ಮೊದಲು ಬಾಡಿಗೆಯ ಬಂದೂಕಿನಿಂದ ಒಂದು ಋತು ಕಲಿ, ಕೊಳ್ಳುವದೇ ಆದರೆ.22ರದನ್ನು ಕೊಳ್ಳು, ಅಂಗಡಿಯವನಿಗೆ ಹಾರಿಸಿ ತೋರಿಸೆಂದು ಹೇಳದೆ ಬರಿದು ಮಾಡಿ ತೋರಿಸೆಂದು ಹೇಳು, ಬಂದೂಕಿಗೆ ಕಬ್ಬಿಣದ ಕಪಾಟನ್ನೂ ತೋಟಾಗಳಿಗೆ ಬೇರೆ ಬೀಗವನ್ನೂ ಅದೇ ದಿನ ಕೊಳ್ಳು ಎಂದೆವು. ಆತನು ಹಾಗೆಯೇ ಮಾಡಿರುವನು. ನಮ್ಮ ತಂಗಿಗೆ ಇನ್ನೂ ಸಮಾಧಾನವಿಲ್ಲ; ಅದು ಅವರವರ ಮನೆಯ ಮಾತು.

ಈ ಲೇಖವನ್ನು ಓದುವವರಲ್ಲಿ ಬಂದೂಕು ಕೊಳ್ಳುವವರು ನೂರಕ್ಕೊಬ್ಬರೂ ಇರಲಾರರು. ಆದರೂ ಆ ಒಬ್ಬರ ಸಲುವಾಗಿ ಪ್ರಶ್ನೆಗಳ ಕ್ರಮವನ್ನು ಒಟ್ಟುಗೂಡಿಸಿ ಹೇಳಿ ಮುಗಿಸುವೆವು. ಇದರ ಕೆಲಸವೇನು? ಆ ಕೆಲಸಕ್ಕೆ ಕಾಯಿದೆಯ ಅಪ್ಪಣೆಯಿದೆಯೇ? ಗುಂಡು ತಪ್ಪಿದರೆ ಎಲ್ಲಿ ನಿಲ್ಲುವದು? ಕತ್ತಲೆಯಲ್ಲಿ, ಕೈ ನಡುಗುವಾಗ, ನಾನು ಇದನ್ನು ಬರಿದು ಮಾಡಬಲ್ಲೆನೇ? ಮನೆಯಲ್ಲಿ ಇದನ್ನು ಬೇಡವೆನ್ನುವವರು ಯಾರು, ಏಕೆ ಬೇಡವೆನ್ನುವರು? ಈ ಐದಕ್ಕೂ ಉತ್ತರ ದೊರೆತ ಮೇಲೆ ಉಳಿದ ಪ್ರಶ್ನೆಗಳನ್ನು, ಅಂದರೆ ಮಾದರಿ ಯಾವದು, ಅಳತೆ ಯಾವದು, ಹಿಡಿಯ ಕಟ್ಟಿಗೆ ಎಂಥದು ಎಂಬವನ್ನು, ವ್ಯಾಪಾರಿಯನ್ನು ಕೇಳಿದರೆ ಸಾಕು; ಆತನು ಬಲು ಸಂತೋಷದಿಂದ ಹೇಳುವನು. ಮೊದಲಿನ ಐದನ್ನು ಮಾತ್ರ ಆತನಿಗೆ ಕೇಳಬಾರದು. ಅವನ್ನು ಮನೆಯವರೆಲ್ಲ ಕೂಡಿ ಕುಳಿತು ವಿಚಾರಿಸಿಕೊಳ್ಳತಕ್ಕದ್ದು.